ಜಾರುಪೀಠಾಸುರ ಸಮರ

ಪೆಟ್ರೋಲಿನ ಘಮವೇ ಧೂಪವಾಗಿ, ಹಾರ್ನಿನ ಮೊಳಗೇ ಶಂಖನಾದವಾಗಿ ಮೆರೆಯುವ ಈ ಯುಗದ ಅಧಿದೇವತೆಗಳೇ, ಒಂದು ಗಳಿಗೆ ಎಂಜಿನು ನಿಲ್ಲಿಸಿ ಕಿವಿಗೊಡಿ. ರಾಣೆಬೆನ್ನೂರು ಸೀಮೆಯ ರಣಧೀರ, ರಕ್ತವರ್ಣಶಿರಸ್ತ್ರಾಣಶೋಭಿತ, ಪವನವೇಗದ್ವಿಚಕ್ರಾರೂಢ ಮಾಲತೇಶನು ತನ್ನ ಸೀಟಿನ ಮೇಲೆ ತಾನೇ ಕೂತಿರಲು ಹೂಡಿದ ಘೋರಸಮರದ ಕಥೆ ಇದು.

ಯುದ್ಧಕ್ಕೆ ಕಾರಣ ಉಂಟು. ತಂದೆ ತೀರಿಕೊಂಡ ಮೇಲೆ ತಾಯಿ ಗಂಗವ್ವ ಗುಡ್ಡದ ಬಸವಣ್ಣನ ದರ್ಶನಕ್ಕೆ ಹೋಗಿರಲಿಲ್ಲ. ಗಂಡನ ಸ್ಕೂಟರಿನ ಹಿಂದೆ ಕೂತು ಹೋದ ದಾರಿಯಲ್ಲಿ ಇನ್ನೊಬ್ಬರ ಹಿಂದೆ ಕೂರಲು ಆಕೆಗೆ ಮನಸ್ಸಿರಲಿಲ್ಲ. ಈ ಅಮಾವಾಸ್ಯೆಗೆ ಮಗನ ಬೈಕು ಹತ್ತಲು ಹೇಗೋ ಒಪ್ಪಿದಳು, ಆದರೆ ಒಂದು ಮಾತಿನ ಮೇಲೆ.

"ಹುಣಸಿಮರದ ತಿರುವಿನ್ಯಾಗ ಮೊದಲ ನೀ ಒಬ್ಬನ ಜಾರದಂಗ ಇಳಿದು ತೋರಸು. ಆಮ್ಯಾಲ ನಾ ಹತ್ತತೀನಿ."

ಅಲ್ಲೇ ಇತ್ತು ಸಂಕಟ. ಬ್ರೇಕು ಒತ್ತಿದಾಗಲೆಲ್ಲ ವೀರನು ಸೀಟು ಬಿಟ್ಟು ಮುಂದಿನ ಪೆಟ್ರೋಲ್ ಟಾಕಿಯ ಮೇಲೆ ಬಂದು ಬೀಳುತ್ತಿದ್ದನು.

"ಏನೋ ಅಳಿಯಾ, ಯಾವಾಗ ನೋಡಿದ್ರೂ ಟಾಕಿ ಮ್ಯಾಲ ಇರ್ತಿ! ಸೀಟು ಯಾರಿಗೆ ಬಾಡಿಗಿ ಕೊಟ್ಟೀ?" ಎಂದು ಸೋದರಮಾವ ಫಕ್ಕೀರಪ್ಪ ಊರೆಲ್ಲ ನಗಿಸಿದ್ದನು.

ಅವಮಾನಾಗ್ನಿದಗ್ಧನಾದ ಮಾಲತೇಶನು ತಪಸ್ಸಿಗೆ ಕೂತನು. ಮಣಿಕಟ್ಟಿನ ಮೇಲೆ ಭಾರ ಹಾಕಬಾರದು, ಮೊಣಕೈ ಸಡಿಲವಿರಬೇಕು, ಟಾಕಿಯನ್ನು ತೊಡೆಗಳಿಂದ ಅವುಚಬೇಕು, ಪಾದದ ಮುಂಭಾಗವಷ್ಟೇ ಫುಟ್‌ರೆಸ್ಟಿನ ಮೇಲಿರಬೇಕು, ನೋಟ ತಿರುವಿನ ಆಚೆ ನೆಟ್ಟಿರಬೇಕು. ಮೊಬೈಲಿನಲ್ಲಿ ನೋಡಿ ಕಲಿತ ಈ ಮಂತ್ರಗಳನ್ನು ಅವನು ಹಿತ್ತಲಲ್ಲಿ ಎಮ್ಮೆಯ ಬಾನಿಯನ್ನು ತೊಡೆಯಲ್ಲಿ ಅವುಚಿ ಸಾಧಿಸಿದನು. ಎಮ್ಮೆ ಮಾತ್ರ ನೀರು ಕುಡಿಯುವುದನ್ನು ಬಿಟ್ಟಿತು.

ಅಮಾವಾಸ್ಯೆ ಬಂದಿತು. ಗಂಗವ್ವನ ಕೈಯಿಂದ ಪೂಜೆಗೊಂಡು, ನಿಂಬೆಹಣ್ಣು ತುಳಿದು, ರಥವು ಗುಡ್ಡದ ಮೇಲೆ, ಹುಣಸೆಮರದ ತಿರುವಿಗಿಂತ ತುಸು ಎತ್ತರದಲ್ಲಿ, ನಿಂತಿತು; ತಾಯಿಯೂ ಮಾವನೂ ನಡೆದೇ ಬಂದು ತಿರುವಿನ ಬಳಿ ನಿಂತರು.

"ಮಾವಾ, ಕಣ್ಣು ತೆರೆದು ನೋಡು!" ಎಂದು ಮಾಲತೇಶನು ಗರ್ಜಿಸಿದನು. "ಇವತ್ತ ನನ್ನ ತೊಡಿ ಬಿಡಿಸೋ ಗಂಡಸು ಈ ಗುಡ್ಡದಾಗ ಹುಟ್ಟಿಲ್ಲ!"

"ಗಂಡಸು ಯಾಕಪಾ ಬೇಕು, ಬ್ರೇಕು ಸಾಕು," ಎಂದನು ಮಾವ.

ಹೊರಟನು ವೀರ. ಮೊಣಕೈ ಸಡಿಲವಾಯಿತು, ತೊಡೆ ಬಿಗಿಯಾಯಿತು, ನೋಟ ಬಾಣವಾಯಿತು. ಹುಣಸೆಮರ ಎದುರಾಯಿತು. ಬ್ರೇಕು ಒತ್ತಿದನು. ಸರ್ರನೆ, ಬೆಣ್ಣೆ ಬಿಸಿಹೆಂಚಿನ ಮೇಲೆ ಸರಿದಂತೆ, ಸಕಲಶಾಸ್ತ್ರಪಾರಂಗತನು ಟಾಕಿಯ ಮೇಲಿದ್ದನು! ಬಾಯಿಂದ ಹೊರಟ ಉದ್ಗಾರ ಬಸವಣ್ಣನಿಗೆ ಸಲ್ಲುವಂಥದಲ್ಲ.

ಗಾಡಿ ನಿಂತಿತು. ಗಂಗವ್ವ ಓಡಿಬಂದು ಮೊದಲು ಮಗನ ಮೈ ತಡವಿದಳು, ಆಮೇಲೆ ಸೀಟು ತಡವಿ ಬೇಸರಪಟ್ಟಳು.

"ಅಯ್ಯ, ಹೊಳಪು ಹೋಗೇತಿ. ಇನ್ನೊಂದೀಟು ಕೊಬ್ಬರಿ ಎಣ್ಣಿ ಹಚ್ಚಬೇಕಿತ್ತು."

"ಎಣ್ಣಿ?" ಎಂದನು ಮಾಲತೇಶ, ಕ್ಷೀಣಸ್ವರದಲ್ಲಿ.

"ಹೌದಪಾ, ಪ್ರತಿ ಅಮಾಸಿ ಪೂಜಿಗೆ ಹಚ್ಚತೀನಲ್ಲ. ನಿಮ್ಮಪ್ಪನ ಗಾಡಿಗೂ ಹಚ್ಚತಿದ್ದೆ. ಅವರು ಒಂದಿನಾನೂ ಜಾರಲಿಲ್ಲ."

"ಹ್ಯಾಂಗ ಜಾರತಾರಕ್ಕಾ?" ಎಂದು ಮಾವ ನೆಲಕ್ಕೆ ಕೂತು ನಕ್ಕನು. "ಎಣ್ಣಿ ಬ್ಯಾಡ ಅಂದ್ರ ನಿನಗ ಬ್ಯಾಸರ ಆಗತೈತಿ ಅಂತ ಸೀಟಿನ ಮ್ಯಾಲ ಕಂಬಳಿ ಹಾಕ್ಕೊಂತಿದ್ರು!"

ಗಂಗವ್ವ ತನ್ನ ಕಾಯಿಚೀಲ ಬಿಚ್ಚಿದಳು. ಆ ಕಂಬಳಿಯ ತುಂಡು ಅದರ ತಳದಲ್ಲೇ ಇತ್ತು; ದೇವರ ಮುಂದೆ ಹಾಸಿ ಕೂರಲು ಆಕೆ ತಂದಿದ್ದಳು. ತೆಗೆದು, ಕೆನ್ನೆಗೆ ಒಮ್ಮೆ ಒತ್ತಿ, ಸೀಟಿನ ಮೇಲೆ ಹಾಸಿದಳು.

ಮಾಲತೇಶನು ಮತ್ತೊಮ್ಮೆ ಮೇಲೇರಿ, ಒಬ್ಬನೇ ತಿರುವು ಇಳಿದು ತೋರಿಸಿದನು. ಕಂಬಳಿ ಅವನನ್ನು ಬಿಡಲಿಲ್ಲ.

ಹೀಗೆ ಆ ಮಹಾರಥಿಯು ತಾಯಿಯನ್ನು ಹಿಂದೆ ಕೂರಿಸಿಕೊಂಡು ಮತ್ತೆ ಗುಡ್ಡವೇರಿದನು. ದಾರಿಯಲ್ಲಿ ಒಂದು ಆಡು ಅವರನ್ನು ಹಿಂದೆ ಹಾಕಿತು.

"ಸಾವಕಾಶ ಹೊಡಿಯೋ," ಎಂದಳು ಗಂಗವ್ವ, ಮಗನ ಹೊಸ ಜಾಕೀಟನ್ನು ಎರಡೂ ಎಣ್ಣೆಗೈಗಳಿಂದ ಭದ್ರವಾಗಿ ಹಿಡಿದುಕೊಂಡು.