ಹತ್ತಿ ಕಚ್ಚಿದ ದಿನ

ಕ್ಷೌರದಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ರೇಡಿಯೊ ಮಾವ. ಆ ಬೆಳಿಗ್ಗೆ ದಂತವೈದ್ಯರು ಅವನ ಕೆಳದವಡೆಯಲ್ಲಿ ಉಳಿದಿದ್ದ ನಾಲ್ಕು ಹಲ್ಲುಗಳನ್ನೂ ಕಿತ್ತರು. ಮೂಳೆ ಸವೆಯದಿರಲೆಂದು ಕುಳಿಗಳಿಗೆ ಪುಡಿ ತುಂಬಿ, ಹೊಲಿಗೆ ಹಾಕಿ, ಮೇಲೆ ಹತ್ತಿಯುಂಡೆ ಇಟ್ಟರು.

“ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ. ನಾನು ಹೇಳೋವರೆಗೆ ಹತ್ತಿ ತೆಗೀಬೇಡಿ. ಪುಡಿ ಹೊರಬಂದು ಮೂಳೆ ಕರಗಿಹೋದ್ರೆ ಹಲ್ಲಿನ ಸೆಟ್ಟು ನಿಲ್ಲಲ್ಲ. ಆಮೇಲೆ ನಿಮ್ಮ ಮಾತೆಲ್ಲ ಬರೀ ಶಿಳ್ಳೆ.”

ಮಾತು ಹೋದರೆ ಮಾವನಿಗೆ ಜೀವ ಹೋದಂತೆ. ಹೊರಗಿನ ಬೆಂಚಿನಲ್ಲಿ ಕಾಯಲು ಹೇಳಿದ್ದರೂ, ಅಂಗಡಿಯ ಹೊತ್ತಾಯಿತೆಂದು ಹತ್ತಿ ಕಚ್ಚಿಕೊಂಡೇ ಎದ್ದು ಬಂದ.

ಎದುರಂಗಡಿಯ ದರ್ಜಿ ಉಪ್ಪುನೀರಿನ ಲೋಟ ಹಿಡಿದು ಬಂದು ಮುಕ್ಕಳಿಸೆಂದು ಪೀಡಿಸಿದ. ಅದು ನಡೆಯದಾಗ ಲವಂಗ ತಂದ. ಮಾವ ಎರಡಕ್ಕೂ ಬೇಡವೆಂದು ತಲೆಯಾಡಿಸಿದ. ಅಂಗಡಿಯಲ್ಲಿ ಕತ್ತರಿಯ ಸದ್ದೊಂದೇ ಉಳಿಯಿತು. ಆ ಮೌನ ತಡೆಯಲಾರದೆ ದರ್ಜಿ ತಾನೇ ಬಾಯಿಬಿಟ್ಟ: ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುತ್ತಿಲ್ಲ, ಮನೆಯಲ್ಲೂ ಹೇಳಿಲ್ಲ. ಅವನ ಹಿಂದೆ ಅಂಚೆಯವನು, ಅಂಚೆಯವನ ಹಿಂದೆ ಮೇಷ್ಟ್ರು. ತಲೆಯಲ್ಲಿ ಒಂದೆಳೆ ಕೂದಲಿಲ್ಲದವನೂ ಬಂದು ಕುರ್ಚಿ ಹತ್ತಿದ. ಅನ್ನವಿಲ್ಲದ ಮಾವನ ಹೊಟ್ಟೆ ಊರವರ ಗುಟ್ಟಿನಿಂದ ಡೊಳ್ಳಾಯಿತು.

ಮಧ್ಯಾಹ್ನ ವೈದ್ಯರೇ ಕ್ಷೌರಕ್ಕೆ ಬಂದರು. ಮಾವ ಬಾಯಿ ತೆರೆದು, ಹತ್ತಿ ತೆಗೆಯಿರೆಂದು ಕಣ್ಣಲ್ಲೇ ಬೇಡಿದ. ಅವರು ಇಣುಕಿ ನೋಡಿ, ಹಳೆಯದನ್ನು ತೆಗೆದು ಚೀಲದಲ್ಲಿದ್ದ ಹೊಸ ಹತ್ತಿಯನ್ನು ಬಾಯೊಳಗಿಟ್ಟು, ಕುರ್ಚಿಯಲ್ಲಿ ಕುಳಿತರು. ಅಮ್ಮನಿಗೆ ತನ್ನ ಗುರುತು ಸಿಗುತ್ತಿಲ್ಲ, ದಿನಾ ಬೆಳಿಗ್ಗೆ ‘ಯಾರಪ್ಪ ನೀನು’ ಅನ್ನುತ್ತಾಳೆ ಎಂದು ಕನ್ನಡಿಗೆ ಹೇಳಿದರು. ಅಷ್ಟರಲ್ಲಿ ಯಾರೋ ಕರೆಯಲು ಬಂದರು. ಅರ್ಧ ಕ್ಷೌರಕ್ಕೇ ಎದ್ದು ಹೋದರು.

ಸಂಜೆ ಮಾವ ದವಾಖಾನೆಗೆ ಓಡಿದ. ನರ್ಸಮ್ಮ ಕಂಡು ಗಾಬರಿಯಾದಳು.

“ಇನ್ನೂ ಕಚ್ಕೊಂಡಿದ್ದೀರಾ? ಅರ್ಧ ಗಂಟೆ ಸಾಕಿತ್ತಲ್ಲ.”

ಹತ್ತಿ ಹೊರಬಂತು. ಮಾವ ವೈದ್ಯರತ್ತ ತಿರುಗಿದ. “ಮತ್ತೆ ಮಧ್ಯಾಹ್ನ ಹೊಸದು ಯಾಕೆ ಇಟ್ರಿ, ಡಾಕ್ಟ್ರೇ?”

ವೈದ್ಯರು ತಲೆ ತಗ್ಗಿಸಿದರು. “ಬಾಯಿ ತುಂಬಿರೋರ ಹತ್ರ ಮಾತ್ರ ನಂಗೆ ಮಾತು ಬರೋದು, ಮಾವ. ಇಪ್ಪತ್ತು ವರ್ಷದ ಅಭ್ಯಾಸ.”

ಇಡೀ ದಿನದ ಮಾತು ಮಾವನ ಗಂಟಲಲ್ಲಿ ಬಸ್ಸಿಗೆ ಕಾದ ಜನರಂತೆ ನೂಕಾಡುತ್ತಿತ್ತು. ಬಾಯಿ ತೆರೆದ. ಅರ್ಧ ಕ್ಷೌರವಾಗಿದ್ದ ವೈದ್ಯರ ತಲೆಯನ್ನು ನೋಡಿದ. ಮೆಲ್ಲಗೆ ಬಾಯಿ ಮುಚ್ಚಿ, ರೋಗಿಯ ಕುರ್ಚಿ ಹತ್ತಿ ಕುಳಿತು, ಮುಂದೆ ಹೇಳಿ ಎಂಬಂತೆ ಕೈಯಾಡಿಸಿದ.

ನರ್ಸಮ್ಮ ಬಾಗಿಲು ಮುಂದೆ ಮಾಡಿ, ಸ್ಟೂಲು ಎಳೆದುಕೊಂಡಳು.

“ಇವರದ್ದು ಮುಗೀಲಿ ಮಾವ. ಆಮೇಲೆ ನಂದೂ ಒಂದಿದೆ.”