ಆ ಹಮ್ಮಣ್ಣ ನಾನೇ ಹೌದಲ್ಲಾ?

ದತ್ತಾ: ಸುಳ್ಳು ಹೇಳ್ಬೇಡ ಗುರು. ಆ ಹಮ್ಮಣ್ಣ ಅಂದ್ರೆ ನಾನೇ.

ಗುರುಪ್ರಸಾದ: ಅಲ್ಲ ಮಾರಾಯಾ! ಎಷ್ಟು ಸಲ ಹೇಳೂದು?

ದತ್ತಾ: ಅವಂಗೂ ಬೋಳು ತಲೆ, ನಂಗೂ ಬೋಳು ತಲೆ.

ಗುರುಪ್ರಸಾದ: ಐವತ್ತು ದಾಟಿದ್ಮೇಲೆ ಅಂಕೋಲೆಲಿ ಅರ್ಧ ಜನಕ್ಕೆ ಬೋಳೇ. ಅವ್ರೆಲ್ಲ ಬಂದು ಜಗಳಕ್ಕೆ ಕೂತ್ರೆ ನಾ ಎಂತ ಮಾಡುಕೆ?

ಎರಡು ಸಾವಿರದ ನಾಲ್ಕರ ಒಂದು ಭಾನುವಾರದ ಬೆಳಿಗ್ಗೆ. ಗುರುಪ್ರಸಾದ ಮಾಸ್ತರರ ಮೊದಲ ಕಾದಂಬರಿ ಅಚ್ಚಾಗಿ ಬಂದು ಎಂಟೇ ದಿನ. ‘ಮನುಷ್ಯನ ಕೇಡಿನ ಆಳವನ್ನು ಬಗೆದು ತೋರುವ ಕೃತಿ’ ಎಂದು ಬೆನ್ನುಡಿಯನ್ನು ಅವರೇ ಬರೆದುಕೊಂಡಿದ್ದರು. ಅದರಲ್ಲಿ ಕೇಡಿಗ ಹಮ್ಮಣ್ಣ. ಮೊದಲ ಪ್ರತಿಯನ್ನು ಪಕ್ಕದ ಮನೆಯ, ಇಪ್ಪತ್ತು ವರ್ಷಗಳಿಂದ ಗೆಳೆಯನಾದ ದತ್ತಾನಿಗೆ ಪ್ರೀತಿಯಿಂದ ಕೊಟ್ಟಿದ್ದರು. ಈಗ ಅವನು ಅದೇ ಪ್ರತಿಯಲ್ಲಿ ಏಳೆಂಟು ಕಡೆ ಹಳೇ ಬಸ್ ಟಿಕೆಟ್ ಸಿಕ್ಕಿಸಿಕೊಂಡು ಜಗಲಿಯ ಮೇಲೆ ಕುಳಿತಿದ್ದ. ಒಂದು ಪುಸ್ತಕಕ್ಕಾಗಿ ಗೆಳೆತನ ಹೋದೀತೇ ಎಂದು ಮಾಸ್ತರರಿಗೆ ನಿಜವಾಗಿಯೂ ಹೆದರಿಕೆ.

ದತ್ತಾ: ಇಪ್ಪತ್ಮೂರನೇ ಪುಟ. ಹಮ್ಮಣ್ಣ ಪಕ್ಕದ ಮನೆಯವ್ರು ಒಣಗ್ಸಿಟ್ಟ ಬಂಗಡೆ ಕದ್ದು ತಿಂದು ತಪ್ಪನ್ನ ಬೆಕ್ಕಿನ ಮೇಲೆ ಹಾಕ್ತಾನೆ. ಇದ್ನ ನಿಂಗೆ ಯಾರು ಹೇಳ್ದ್ರು?

ಗುರುಪ್ರಸಾದ: ಯಾರೂ ಹೇಳ್ಲಿಲ್ಲ. ಕಲ್ಪನೆ.

ದತ್ತಾ: ಕಲ್ಪನೆಯಂತೆ! ಏಳು ಬಂಗಡೆ ಹೇಳಿ ಬರ್ದೀಯಲ್ಲ. ನಾ ತಿಂದದ್ದೂ ಏಳೇ!

ಚಾ ತಂದ ಮಾಸ್ತರರ ಹೆಂಡತಿ ದಮಯಂತಿ ಬಾಗಿಲಲ್ಲೇ ನಿಂತಳು.

ದಮಯಂತಿ: ಅಯ್ಯೋ ದತ್ತಣ್ಣ, ಅದು ನೀವಾ? ನಾ ಆ ಪಾಪದ ಬೆಕ್ಕನ್ನ ಚೀಲಕ್ಕೆ ಹಾಕಿ ಬೆಳಂಬಾರಕ್ಕೆ ಬಿಡ್ಸಿದ್ನಲ್ಲ!

ದತ್ತಾ: ಅದಕ್ಕೆಂತ ತೊಂದ್ರೆ ಆಯ್ತು ವೈನಿ? ಅಲ್ಲಿ ಮೀನು ಇನ್ನೂ ಜಾಸ್ತಿ. ಅದಿರ್ಲಿ, ಅರವತ್ತೊಂದನೇ ಪುಟ. ಹಮ್ಮಣ್ಣ ಗೆಳೆಯನ ಮೇಲೆ ಮೂಕರ್ಜಿ ಬರೀತಾನೆ. ಅದೂ ಎಡಗೈಲಿ, ಅಕ್ಷರದ ಗುರ್ತು ಸಿಗ್ಬಾರ್ದು ಹೇಳಿ. ಎಡಗೈ ವಿಷ್ಯ ನಾ ಮಂಗಲಾಗೂ ಹೇಳ್ಲಿಲ್ಲ. ಕಟ್ಕೊಂಡ ಹೆಂಡ್ತಿಗೇ ಹೇಳ್ದೇ ಇದ್ದದ್ದು ನಿಂಗೆ ಹೇಗೆ ಗೊತ್ತಾಯ್ತು?

ಮಾಸ್ತರರ ಲೋಟ ಬಾಯಿಯ ಹತ್ತಿರವೇ ನಿಂತಿತು. ಐದು ವರ್ಷದ ಹಿಂದೆ, ‘ಇವರು ತರಗತಿಯಲ್ಲಿ ನಿದ್ದೆ ಹೊಡೆಯುತ್ತಾರೆ’ ಎಂದು ಯಾರೋ ಹೆಸರು ಹಾಕದೆ ಅರ್ಜಿ ಗುಜರಾಯಿಸಿ, ಅವರಿಗೆ ಜೋಯಿಡಾದ ಕಾಡಿಗೆ ವರ್ಗವಾಗಿತ್ತು. ಮೂರು ವರ್ಷ ಜಿಗಣೆಗಳ ಸಹವಾಸ. ಕಳಿಸಿಕೊಡಲು ಬಸ್‌ಸ್ಟ್ಯಾಂಡಿಗೆ ಬಂದು ಎಲ್ಲರಿಗಿಂತ ಜೋರಾಗಿ ಅತ್ತವನು ದತ್ತಾ.

ಗುರುಪ್ರಸಾದ: ಆ ಅರ್ಜಿ... ಬರ್ದವ ನೀನಾ?

ದತ್ತಾ: ಗೊತ್ತಿದ್ದೇ ಅಲ್ದಾ ನೀ ಪುಸ್ತಕದಲ್ಲಿ ಹಾಕಿದ್ದು?

ಗುರುಪ್ರಸಾದ: ನಂಗೆಲ್ಲಿ ಗೊತ್ತಿತ್ತು? ಈಗ ನೀನೇ ಹೇಳ್ದೆ!

ದತ್ತಾ ಪುಸ್ತಕ ಮುಚ್ಚಿದ. ಎರಡು ಟಿಕೆಟ್ ಕೆಳಗೆ ಬಿದ್ದವು.

ದತ್ತಾ: ಹಾಗಾರೆ... ಉಳಿದ ಪುಟದ ಬಗ್ಗೆ ನಾ ಮಾತಾಡೂದಿಲ್ಲ.

ಗುರುಪ್ರಸಾದ: ನಾ ನಿಂಗೆ ಎಂತ ಮಾಡಿದ್ದೆ? ಎಂತಕ್ಕೆ ಬರ್ದೆ?

ದತ್ತಾ: ನೀ ಹೊಸ ಸ್ಕೂಟರ್ ತಕಂಡೆ. ಮಂಗಲಾ ದಿನಾ ಬೆಳಗಾದ್ರೆ ‘ಮಾಸ್ತರನ್ನ ನೋಡಿ ಕಲೀರಿ’ ಹೇಳುಕೆ ಹತ್ತಿದ್ಲು. ತಲೆ ಕೆಟ್ಟೋಯ್ತು.

ಮಾಸ್ತರರಿಗೆ ಸಿಟ್ಟಿಗಿಂತ ಮೊದಲು ನಾಚಿಕೆಯಾಯಿತು. ಹಮ್ಮಣ್ಣ ಯಾಕೆ ಕೆಟ್ಟವನಾದ ಎಂದು ವಿವರಿಸಲು ಅವರು ನಲವತ್ತು ಪುಟ ಖರ್ಚು ಮಾಡಿದ್ದರು. ಇಲ್ಲಿ ಒಂದು ಸ್ಕೂಟರಿನಲ್ಲಿ ಎಲ್ಲ ಮುಗಿದಿತ್ತು. ಸಿಟ್ಟು ಆಮೇಲೆ ಬಂತು.

ಗುರುಪ್ರಸಾದ: ಒಂದು ಸ್ಕೂಟರಿಗೆ ಮೂರು ವರ್ಷ ಜೋಯಿಡಾನಾ?

ದತ್ತಾ: ಉಪಕಾರ ಮರೀಬೇಡ. ಅಲ್ಲಿ ಹೊತ್ತು ಹೋಗ್ದೇ ಅಲ್ದಾ ನೀ ಕಾದಂಬರಿ ಬರ್ದದ್ದು? ಸರಿಯಾಗಿ ನೋಡಿದ್ರೆ ಪುಸ್ತಕದ ಅರ್ಪಣೆ ನಂಗೇ ಮಾಡ್ಬೇಕಾಗಿತ್ತು... ತಡಿ, ತಡಿ. ನಂದೆಂತದೂ ಗೊತ್ತಿರ್ಲಿಲ್ಲ ಅಂದ್ರೆ, ಇದೆಲ್ಲ ನಿನ್ನ ತಲೇಲೇ ಹುಟ್ಟಿದ್ದಾ?

ಗುರುಪ್ರಸಾದ: ಮತ್ತೆ?

ದತ್ತಾ: ಬಾವಿಗೆ ಸೀಮೆಎಣ್ಣೆ ಹೊಯ್ಯೂದು? ಸತ್ತವನ ಹೆಬ್ಬೆಟ್ಟು ಒತ್ಸ್ಕಂಡು ಗದ್ದೆ ಹೊಡ್ಯೂದು?

ಗುರುಪ್ರಸಾದ: (ಕೊಂಚ ಹೆಮ್ಮೆಯಿಂದ) ಎಲ್ಲ ನಂದೇ.

ದತ್ತಾ ಖುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ.

ದತ್ತಾ: ಅಯ್ಯಪ್ಪಾ! ಐವತ್ತೈದು ವರ್ಷದಲ್ಲಿ ನಾ ಮಾಡಿದ್ದು ಬರೀ ಏಳೆಂಟು. ನೀ ಕೂತಲ್ಲೇ ಹದ್ನಾಲ್ಕು ಮಾಡೀಯಲ್ಲೋ! ಇಷ್ಟು ವರ್ಷ ನಿನ್ನ ಪಕ್ಕದಲ್ಲಿ ಕಿಟಕಿ ತೆಗ್ದಿಟ್ಟು ಮಲಗಿದ್ನಲ್ಲ ನಾನು!

ಚಪ್ಪಲಿ ಮೆಟ್ಟುವಷ್ಟೂ ವ್ಯವಧಾನವಿಲ್ಲದೆ ಅವನು ಅಂಗಳ ದಾಟಿದ. ಅವನ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುವ ಸದ್ದು ಕೇಳಿತು. ಮಾಸ್ತರರು ತಿರುಗಿ ನೋಡಿದರೆ, ಅವನು ಬಿಟ್ಟುಹೋದ ಪುಸ್ತಕವನ್ನು ದಮಯಂತಿ ಮೆಟ್ಟಿಲ ಮೇಲೆ ಕುಳಿತು ಓದುತ್ತಿದ್ದಳು. ಗಂಡನ ಕಾದಂಬರಿಯನ್ನು ಅವಳು ತೆರೆದದ್ದು ಇದೇ ಮೊದಲು.

ದಮಯಂತಿ: ಇದೆಂತದು ನೂರಾಹತ್ತನೇ ಪುಟ? ಹಮ್ಮಣ್ಣ ಹೆಂಡ್ತಿ ಮಾಡಿದ ಸಾರನ್ನ ಬಾಯ್ತುಂಬ ಹೊಗಳ್ತಾನೆ, ಅವಳು ಒಳಗೆ ಹೋದ ಕೂಡ್ಲೇ ಬಾಳೆ ಬುಡಕ್ಕೆ ಚೆಲ್ತಾನೆ. ಯಾರ ಕತೆ ಇದು?

ಗುರುಪ್ರಸಾದ: ಅದಾ? ಅದು ದತ್ತಾನೇ! ಹಮ್ಮಣ್ಣ ಅಂದ್ರೆ ಪೂರಾ ದತ್ತಾನೇ!