ಮೂರನೇ ಮಾಳಿಗೆಯ ರಾಣಿ

ಶನಿವಾರ ಬೆಳಿಗ್ಗೆ ಹಾಲು ತರಲು ಇಳಿದ ಶಶಿಕಾಂತ ಲಿಫ್ಟಿನ ಬಾಗಿಲಿಗೆ ಅಂಟಿಸಿದ್ದ ಚೀಟಿ ಓದಿದವನೇ ಹಾಲು ಮರೆತು ಮೂರನೇ ಮಾಳಿಗೆಯ ಮನೆಗೆ ಮೆಟ್ಟಿಲೇರಿ ಓಡಿಬಂದ. ಇವತ್ತು ಇಡೀ ಬಿಲ್ಡಿಂಗಿಗೆ ಪೆಸ್ಟ್ ಕಂಟ್ರೋಲ್. ಈ ಸಲ ಯಾವ ಮನೆಗೂ ವಿನಾಯಿತಿ ಇಲ್ಲ. ಕೆಳಗೆ ಸೆಕ್ರೆಟರಿ ಪೂವಪ್ಪನವರ ಸಹಿ.

“ವಿಭಾ, ಮಕ್ಕಳನ್ನ ಕೊಲ್ಲೋಕೆ ಬರ್ತಿದಾರೆ!”

ಮಕ್ಕಳೆಂದರೆ ಇರುವೆಗಳು. ಕಳೆದ ಮಳೆಗಾಲದಲ್ಲಿ ರೆಕ್ಕೆ ಕಳಚಿಕೊಂಡು ಬಾಲ್ಕನಿಯಲ್ಲಿ ದಿಕ್ಕುಗೆಟ್ಟು ಓಡಾಡುತ್ತಿದ್ದ ಕಪ್ಪು ರಾಣಿಯೊಂದನ್ನು ಶಶಿಕಾಂತ ಗಾಜಿನ ನಳಿಕೆಗೆ ಇಳಿಸಿ, ತಳದ ನೀರಿಗೆ ಹತ್ತಿಯ ಅಡ್ಡ ಇಟ್ಟು, ಕಪಾಟಿನ ಕತ್ತಲಲ್ಲಿ ಬಾಣಂತನ ಮಾಡಿದ್ದ. ಮೊದಲ ಇರುವೆ ಹೊರಬಂದ ದಿನ ಪರೇಲಿನ ಆಫೀಸಿನಲ್ಲಿ ಪೇಢಾ ಹಂಚಿದ. ಗಂಡೋ ಹೆಣ್ಣೋ ಎಂದು ಕೇಳಿದವರಿಗೆ, “ದುಡಿಯೋವೆಲ್ಲಾ ಹೆಣ್ಣೇ!” ಎಂದು ಎದೆಯುಬ್ಬಿಸಿದ. ಈಗ ಆ ಸಂಸಾರ ಅವನೇ ಪ್ಲಾಸ್ಟರಿನಲ್ಲಿ ಕೊರೆದ ಗೂಡಿನಲ್ಲಿ, ಗಾಜಿನ ಮುಚ್ಚಳದಡಿ ವಾಸವಾಗಿತ್ತು. ವಡಾಲದಲ್ಲಿ ಅಷ್ಟು ಕೋಣೆಗಳ ಮನೆ ಇನ್ನಾರಿಗೂ ಇರಲಿಲ್ಲ. ಶಶಿಕಾಂತನಿಗಂತೂ ಒಂದೇ ಕೋಣೆ.

“ಒಳ್ಳೇದೇ ಆಯ್ತು ಬಿಡಿ,” ಎಂದಳು ವಿಭಾ. “ಇರುವೆ ಊಟಕ್ಕೆ ಅಂತ ಸತ್ತ ಸೊಳ್ಳೆ ಆರಿಸಿ ಫ್ರಿಜ್ಜಲ್ಲಿಡೋ ಗಂಡ ನನಗೊಬ್ಬಳಿಗೇ ಸಿಕ್ಕಿರೋದು.”

ಶಶಿಕಾಂತ ಪೂವಪ್ಪನವರ ಬಾಗಿಲಿಗೆ ಹೋದ. “ಪೂವಪ್ಪಣ್ಣ, ನಮ್ಮ ಮನೆಯೊಂದು ಬಿಟ್ಬಿಡಿ. ಇರುವೆ ಸಾಕಿದೀನಿ.”

ಹೋಟೆಲು ನಡೆಸಿ ಗಟ್ಟಿಯಾದ ಅವರ ದನಿ ಮೆಟ್ಟಿಲುದ್ದಕ್ಕೂ ಉರುಳಿತು. “ಎಂತ ಮಾರಾಯ್ರೆ, ನಾಳೆ ಮತ್ತೊಬ್ಬರು ಜಿರಳೆ ಸಾಕಿದ್ದೇನೆ ಅಂತಾರೆ! ಆಗುದಿಲ್ಲ. ಪ್ರೀತಮ್, ಇವರ ಮನೆಯಿಂದಲೇ ಶುರು ಮಾಡು!”

ಔಷಧಿಯ ಡಬ್ಬಿ ಬೆನ್ನಿಗೇರಿಸಿಕೊಂಡ ಪ್ರೀತಮ್ ಹೊರಟ. ಅವನಿಗಿಂತ ಮೊದಲು ಮನೆ ಸೇರಿದ ಶಶಿಕಾಂತ ಗೂಡನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು, ಆಸ್ಪತ್ರೆಯಿಂದ ಮಗು ಕದ್ದವನಂತೆ ಮೇಲಕ್ಕೆ ಓಡಿದ. ಕೊನೆಯ ಮಾಳಿಗೆಯಲ್ಲಿ ದಾರಿ ಮುಗಿಯಿತು. ಶೀಲಾವತಿಯ ಬಾಗಿಲು ಬಡಿದ. ಆಕೆ ಸ್ನಾನ ಮುಗಿಸಿ, ಕೈಯಲ್ಲಿ ಬಟ್ಟಲು ಹಿಡಿದು ಎಲ್ಲಿಗೋ ಹೊರಟಿದ್ದರು.

“ಟವೆಲಲ್ಲಿ ಎಂತದ್ದು?”

“ಇರುವೆ, ಶೀಲಕ್ಕ.” ಕಿರುಚಾಟ ಈಗ ಬಂತು ಎಂದು ಶಶಿಕಾಂತ ಕಣ್ಣು ಮುಚ್ಚಿದ.

“ಕಪ್ಪಿನದ್ದಾ?”

“ಕಪ್ಪೇ.”

ಶೀಲಾವತಿ ಬಟ್ಟಲು ಕೆಳಗಿಟ್ಟು ಟವೆಲಿಗೆ ಕೈಮುಗಿದರು. ಮಗನಿಗೆ ಏಳೂವರೆ ಶನಿ. ಶನಿವಾರ ಕಪ್ಪಿರುವೆಗೆ ಹಿಟ್ಟು ಸಕ್ಕರೆ ಹಾಕಬೇಕೆಂದು ಜೋಯಿಸರ ಅಪ್ಪಣೆ. “ಈ ಪೂವಪ್ಪಣ್ಣನ ಸ್ಪ್ರೇಯಿಂದ ಬಿಲ್ಡಿಂಗಲ್ಲಿ ಹುಡುಕಿದ್ರೂ ಒಂದು ಇರುವೆ ಇಲ್ಲ. ಲೋಕಲ್ ಟ್ರೇನು ಹತ್ತಿ ಕಾಂದಿವಲಿಯ ತಂಗಿ ಮನೆಗೆ ಹೋಗಿ ಹಾಕಿ ಬರ್ತಾ ಇದ್ದೆ. ಇಲ್ಲೇ ಉಂಟಲ್ಲ ನನ್ನಪ್ಪ!”

“ಚಿಟಿಕೆ ಸಾಕು ಅಕ್ಕ, ಬೂಷ್ಟು ಹಿಡಿಯುತ್ತೆ.”

ಶೀಲಾವತಿ ಹಾಕಿದ್ದು ಚಿಟಿಕೆ, ಮಾಡಿದ್ದು ಹಲವು ಫೋನು. ನೋಡನೋಡುತ್ತಿದ್ದಂತೆ ಮೆಟ್ಟಿಲ ಮೇಲೆ ಬಟ್ಟಲು ಹಿಡಿದ ಶನಿಪೀಡಿತರ ಸಾಲು ಬೆಳೆಯಿತು. ಮೇಲೆ ಬರಲಾಗದೆ ಪ್ರೀತಮ್ ನಡುವೆ ಸಿಕ್ಕಿಕೊಂಡ. ಶಶಿಕಾಂತ ಮೊದಮೊದಲು ತೊದಲಿದ. ಆಮೇಲೆ ರಾಣಿಯನ್ನು ತೋರಿಸಿದ, ಮರಿ ನೋಡಿಕೊಳ್ಳುವ ದಾದಿಯರನ್ನು ತೋರಿಸಿದ. ಅಕ್ಕಿಕಾಳಿನಂತೆ ಇರುವುದೇ ಮರಿಗಳೆಂದು ವಿವರಿಸಿದಾಗ “ಅಯ್ಯೋ ಚಂದವೇ!” ಎಂಬ ಉದ್ಗಾರ ಎದ್ದಿತು. ಅವನ ಎದೆ ಹುಳಿಬಂದ ಇಡ್ಲಿಹಿಟ್ಟಿನಂತೆ ಪಾತ್ರೆ ಮೀರಿ ಉಬ್ಬಿತು.

“ಎಂತ ಗಲಾಟೆ ಇದು?” ಎನ್ನುತ್ತ ಪೂವಪ್ಪ ಬಂದರು. ಶೀಲಾವತಿ ವಿಷಯ ಹೇಳಿದರು. ಪೂವಪ್ಪನವರ ದನಿ ಕೆಳಗಿಳಿಯಿತು.

“ನಂಗೂ ಏಳೂವರೆ ಶನಿ ನಡೀತಾ ಉಂಟು ಅಕ್ಕ. ಅದಕ್ಕೇ ಹೋಟೆಲಲ್ಲಿ ಒಬ್ಬ ಅಡುಗೆ ಭಟ್ಟನೂ ನಿಲ್ಲುದಿಲ್ಲ. ಸ್ವಲ್ಪ ಹಿಟ್ಟು ಕೊಡಿ.”

ಅವರು ಹಾಕಿದ ಕಣವನ್ನು ಇರುವೆಯೊಂದು ಎತ್ತಿಕೊಂಡಿತು. ಪೂವಪ್ಪನವರ ಕಣ್ಣು ಒದ್ದೆಯಾಯಿತು. “ಪ್ರೀತಮ್, ಇನ್ನು ಈ ಬಿಲ್ಡಿಂಗಲ್ಲಿ ಸ್ಪ್ರೇ ಬಂದ್!”

ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಬಂದಿದ್ದ ವಿಭಾ ಮೊದಲ ಬಾರಿಗೆ, “ನಮ್ಮನೆಯವರೇ ಸಾಕಿದ್ದು,” ಎಂದಳು.

“ಎಂಥಾ ಕೈಗುಣ!” ಎಂದರು ಪೂವಪ್ಪ. “ರಾಶಿ ಯಾವುದು ಶಶಿಯಣ್ಣಂದು?”

“ಕುಂಭ!” ಹೆಮ್ಮೆಯಿಂದ ಉತ್ತರಿಸಿದವಳು ವಿಭಾ.

ಶೀಲಾವತಿ ಗೂಡನ್ನು ಮೆಲ್ಲನೆ ಶಶಿಕಾಂತನ ಕೈಯಿಂದ ಬಿಡಿಸಿಕೊಂಡರು. “ಕುಂಭಕ್ಕೂ ಏಳೂವರೆ ಶನಿ ಉಂಟಲ್ಲ! ಶನಿ ಇದ್ದವರು ಇರುವೆಗೆ ಹಾಕುದು, ಇರುವೆ ಇಟ್ಕೊಳ್ಳುದಲ್ಲ. ಅವರ ಇರುವೆಗೆ ಹಾಕಿದ್ರೆ ನಮಗೆಲ್ಲ ಪುಣ್ಯ ಹೇಗೆ ಸಿಕ್ಕುದು?”

“ಆದ್ರೆ ಅವಕ್ಕೆ ಏನು, ಯಾವಾಗ ಅಂತ ನನಗೇ ಗೊತ್ತಿರೋದು...”

“ಇರುವೆ ವಿಷಯ ಗೊತ್ತಿರುವವರು ಬೇರೆಯೂ ಇದ್ದಾರೆ,” ಎಂದು ಪೂವಪ್ಪ ತಿರುಗಿದರು. “ಪ್ರೀತಮ್, ನಿನ್ನ ರಾಶಿ?”

“ತುಲಾ, ಸಾಬ್.”

ಸೊಸೈಟಿ ಕಮಿಟಿ ಮೆಟ್ಟಿಲ ಮೇಲೆಯೇ ಸೇರಿ ತೀರ್ಮಾನಿಸಿತು. ಗೂಡು ಸೊಸೈಟಿ ಆಫೀಸಿನಲ್ಲಿ ಬೀಗದೊಳಗೆ, ಬೀಗದ ಕೈ ಪ್ರೀತಮನಲ್ಲಿ. ಸ್ಪ್ರೇ ನಿಂತು ಅವನ ಕೆಲಸ ಹೋಗಿತ್ತಲ್ಲ, ನ್ಯಾಯವೂ ಆಯಿತು.

ಸಂಜೆ ಸೊಸೈಟಿ ಆಫೀಸಿನ ಮುಂದೆ ಹಿಟ್ಟು ಹಾಕುವವರ ಸಾಲಿನಲ್ಲಿ ಶಶಿಕಾಂತನ ಸರದಿ ಬಂದಾಗ ಗಾಜಿನೊಳಗೆ ರಾಣಿ ಹೊಸ ಮೊಟ್ಟೆಗಳ ರಾಶಿಯ ಪಕ್ಕ ಗಂಭೀರವಾಗಿ ನಿಂತಿದ್ದಳು. ಅವನ ಕಣ್ಣು ಮಂಜಾಯಿತು. ಹಿಂದಿದ್ದ ಅಪರಿಚಿತ ಹೆಂಗಸೊಬ್ಬರು ಬಗ್ಗಿ ನೋಡಿ, “ಎಷ್ಟು ಚೆನ್ನಾಗಿ ಸಾಕಿದಾರೆ! ಯಾರದು?” ಎಂದು ಕೇಳಿದರು.

ಶಶಿಕಾಂತ ಉಬ್ಬಿದ ಎದೆಯೊಡನೆ ಬಾಯಿ ತೆರೆದ.

“ಅಪ್ನಾ ಹೀ ಹೈ, ಮೇಡಮ್!” ತನ್ನದೇ ಎಂದ ಪ್ರೀತಮ್, ಶಶಿಕಾಂತನಿಗಿಂತ ಹೆಚ್ಚು ಉಬ್ಬಿ. ಮತ್ತೆ ಅವನಿಗೆ ಮುಂದೆ ಸಾಗುವಂತೆ ಕೈ ಬೀಸಿದ. “ಸಾಬ್, ಹೋ ಗಯಾ? ಆಗೇ ಬಢೋ.”